ಕುಳ್ಳ ಏಜೆಂಟನ ಪಾರ್ಟು ಇನ್ನೊಬ್ಬರು ಹಾಕಬಹುದೇ?

ಪ್ರಶ್ನೆ: ನಮ್ಮ ಅಪ್ಪಾಜಿಗೆ ದ್ವಾರಕೀಶರ ‘ಕುಳ್ಳ ಏಜೆಂಟ್ 000’ ಅಂದ್ರ ಪ್ರಾಣ. ಮೊನ್ನೆ ಮಕ್ಕಳ ಜೊತೆ ಕೂತು ಸ್ಟೀವ್ ಮಾರ್ಟಿನ್ ಅವರ ‘ದಿ ಪಿಂಕ್ ಪ್ಯಾಂಥರ್’ ನೋಡಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಳೆಯ ಪೀಟರ್ ಸೆಲ್ಲರ್ಸ್ ಚಿತ್ರಗಳನ್ನು ನೋಡಿದ್ದ ಗೆಳೆಯನೊಬ್ಬ ಮಾತ್ರ ‘ಇದೇನ್ ಹಚ್ಚೀರಿ, ಬಂದ್ ಮಾಡ್ರಿ’ ಅಂದ. ಒಬ್ಬನೇ ನಟನಿಂದ ಹೆಸರಾದ ಪತ್ತೇದಾರಿ ಹಾಸ್ಯ ಚಿತ್ರವನ್ನು ಬೇರೆ ನಟನನ್ನು ಹಾಕಿ ಮತ್ತೆ ತೆಗೆಯುವುದು ಸರಿಯೇ? ನಮ್ಮ ಕುಳ್ಳನ ಚಿತ್ರವನ್ನೂ ಹಾಗೆ ತೆಗೆಯಬಹುದೇ?
– ಓದುಗರೊಬ್ಬರು, ಇಳಕಲ್

ಉತ್ತರ: ತೆಗೆಯಬಹುದು. ಆದರೆ ಹೊಸದಾಗಿ ಪಾರ್ಟು ಹಾಕುವವರು ಹಳೆಯ ನಟನ ನಡಿಗೆ, ದನಿ, ಹುಬ್ಬು ಹಾರಿಸುವ ರೀತಿ ಯಾವುದನ್ನೂ ಮುಟ್ಟಬಾರದು. ಕಥೆ ತಗೊಳ್ಳಲಿ, ಸನ್ನಿವೇಶ ತಗೊಳ್ಳಲಿ. ಎಡವುವುದು, ಬೀಳುವುದು, ಬಿದ್ದು ಏಳುವುದು ಮಾತ್ರ ಅವರ ಸ್ವಂತ ಮೈಯಿಂದಲೇ ಹುಟ್ಟಬೇಕು. ಇದಕ್ಕೆ ಸಾಕ್ಷಿ ನಿಮ್ಮ ಊರಿನ ಸುತ್ತಮುತ್ತಲೇ ಇದೆ. ಹಾಲಿವುಡ್‌ಗೆ ಆಮೇಲೆ ಹೋಗೋಣ.

ಇಳಕಲ್‌ಗೆ ಹತ್ತಿರದ ಕಂದಗಲ್ಲಿನ ಹನುಮಂತರಾಯರು ಬರೆದ ‘ರಕ್ತರಾತ್ರಿ’ಯನ್ನೇ ನೋಡಿ. ಕಂಪನಿಗಳು ಆಡಿವೆ, ಹಳ್ಳಿಹಳ್ಳಿಯ ಹವ್ಯಾಸಿ ತಂಡಗಳು ಆಡಿವೆ, ಇವತ್ತಿಗೂ ಜಾತ್ರೆ ಬಂತೆಂದರೆ ಯಾವುದೋ ಊರಲ್ಲಿ ಅದರ ತಾಲೀಮು ನಡೆದೇ ಇರುತ್ತದೆ. ಶಕುನಿಯ ಪಾರ್ಟನ್ನು ಎಷ್ಟು ಜನ ಹಾಕಿದ್ದಾರೋ ಲೆಕ್ಕ ಇಟ್ಟವರಿಲ್ಲ. ‘ಮೊದಲಿನ ಶಕುನಿ ಇಲ್ಲದಿದ್ದರೆ ಈ ನಾಟಕ ನೋಡುವುದಿಲ್ಲ’ ಎಂದು ಎದ್ದು ಹೋದ ಪ್ರೇಕ್ಷಕನನ್ನು ನಾನಂತೂ ಕಂಡಿಲ್ಲ. ಹನುಮಂತರಾಯರು ಆ ಪಾತ್ರದ ಬಾಯಿಗೆ ಕೊಟ್ಟ ಮಾತು ಅಷ್ಟು ಗಟ್ಟಿ. ಹೊಸ ನಟ ಆ ಮಾತಿನ ಮೇಲೆ ಕಾಲೂರಿ ನಿಲ್ಲುತ್ತಾನೆ. ಅವನು ಅರ್ಧ ಸೋತರೂ ಬರಹ ಅವನನ್ನು ಎತ್ತಿ ಹಿಡಿಯುತ್ತದೆ.

ಮೈ ಬಳಸಿ ನಗಿಸುವ ಪಾತ್ರಕ್ಕೆ ಈ ಆಸರೆ ಇಲ್ಲ. ನಾಟಕದ ಹಸ್ತಪ್ರತಿಯಲ್ಲಿ ‘ಹವಾಲ್ದಾರ ಬರುತ್ತಾನೆ, ಕಳ್ಳನನ್ನು ಹುಡುಕುತ್ತಾನೆ’ ಎಂದು ಒಂದು ಸಾಲು ಇದ್ದರೆ ಹೆಚ್ಚು. ಆ ಸಾಲು ರಂಗದ ಮೇಲೆ ಕಾಲು ಗಂಟೆಯ ನಗೆಯಾಗುವುದು ನಟನ ಮೊಣಕಾಲು, ಹೊಟ್ಟೆ, ಕಣ್ಣುಗಳಿಂದ. ಅಂದರೆ ಆ ಕಾಲು ಗಂಟೆಯನ್ನು ಬರೆದವನು ನಟನೇ. ಅವನು ಕಂಪನಿ ಬಿಟ್ಟು ಹೋದಾಗ ಬರಹವೂ ಅವನ ಜೊತೆಗೇ ಹೋಗುತ್ತದೆ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ಕಂಪನಿಗಳ ಕ್ಯಾಂಪು ಇರುತ್ತದೆ. ಒಂದರ ಮಗ್ಗುಲಿಗೆ ಒಂದು ತಗಡಿನ ಥಿಯೇಟರು, ಒಂದು ಆಟ ಮುಗಿಯುವಷ್ಟರಲ್ಲಿ ಮುಂದಿನ ಆಟಕ್ಕೆ ಮೈಕಿನಲ್ಲಿ ಕೂಗು. ಹಾಸ್ಯ ಪಾತ್ರಧಾರಿಗಳು ಒಂದು ವರ್ಷ ಈ ಕಂಪನಿ, ಮುಂದಿನ ವರ್ಷ ಆ ಕಂಪನಿ. ಹಾಗಾಗಿ ಒಂದೇ ನಾಟಕದ ಒಂದೇ ಪಾರ್ಟನ್ನು ಬೇರೆ ಬೇರೆಯವರು ಹಾಕಿದ್ದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಸೀಮೆಯಲ್ಲಿಲ್ಲ.

ಅಲ್ಲಿ ನೋಡಿದ ಒಂದು ಸೀನು. ಹವಾಲ್ದಾರ ಬೆಂಚಿನ ಮೇಲೆ ಕೂತಿದ್ದಾನೆ, ಅವನು ಹುಡುಕುತ್ತಿರುವ ಕಳ್ಳ ಅದೇ ಬೆಂಚಿನ ಕೆಳಗೆ ಮಲಗಿದ್ದಾನೆ. ಆ ಪಾರ್ಟಿನಲ್ಲಿದ್ದ ಹಿರಿಯ ನಟ ಸಣಕಲು ಮನುಷ್ಯ. ಕಾಲ ಮೇಲೆ ಕಾಲು ಹಾಕಲು ಹೋಗುತ್ತಾನೆ, ಮೇಲಿನ ಕಾಲು ಜಾರುತ್ತದೆ, ಮತ್ತೆ ಹಾಕುತ್ತಾನೆ, ಜಾರಿದ ಕಾಲು ಕೆಳಗಿದ್ದ ಕಳ್ಳನ ಮೂಗಿಗೆ ತಾಗುತ್ತದೆ. ಮೂಗನ್ನು ಬೆಂಚಿನ ಮೊಳೆ ಎಂದುಕೊಂಡು ಬೂಟಿನಿಂದ ಒತ್ತಿ ನೋಡುತ್ತಾನೆ. ಜನ ಕೂಗಿ ಒನ್ಸ್ ಮೋರ್ ಕೇಳಿದರು. ಮುಂದಿನ ಜಾತ್ರೆಯಲ್ಲಿ ಅದೇ ನಾಟಕ, ಹವಾಲ್ದಾರ ಮಾತ್ರ ಹೊಸಬ, ದಪ್ಪ ಮೈಯ ಯುವಕ. ಪಾಪ, ಅವನೂ ಕಾಲ ಮೇಲೆ ಕಾಲು ಹಾಕಲು ನೋಡಿದ. ದಪ್ಪ ತೊಡೆ ಜಾರಲಿಲ್ಲ, ಮೂಗಿಗೆ ತಾಗಲಿಲ್ಲ. ಥಿಯೇಟರಿನಲ್ಲಿ ಸದ್ದಿಲ್ಲ. ಅಷ್ಟರಲ್ಲಿ ಅವನ ಭಾರಕ್ಕೆ ಬೆಂಚು ‘ಕಿರ್’ ಅಂತು. ಬೆಂಚನ್ನು ನೋಡಿದ, ನಮ್ಮನ್ನು ನೋಡಿದ, ನಿಧಾನಕ್ಕೆ ಅರ್ಧ ಎದ್ದ, ಟೋಪಿ ತೆಗೆದು ಬೆಂಚಿಗೆ ಕೈ ಮುಗಿದು ‘ತಪ್ಪಾತ್ರಿ’ ಅಂದ. ಕೆಳಗಿಂದ ಕಳ್ಳ ‘ಇರ್ಲಿ ಬಿಡ್ರಿ ಸಾಹೇಬ್ರ’ ಅಂದ. ಬೆಂಚೇ ಮಾತಾಡಿತು ಎಂದು ತಿಳಿದ ಹವಾಲ್ದಾರ ಅದನ್ನೇ ವಿಚಾರಣೆಗೆ ತಗೊಂಡ. ಅಲ್ಲಿಂದ ಮುಂದೆ ಆ ಸೀನು ಪೂರ್ತಿ ಅವನದಾಯಿತು.

ಹೊಸ ನಟನಿಗೆ ಇರುವ ದಾರಿ ಅದೊಂದೇ ಎಂದು ನನಗೆ ಅವತ್ತಿನಿಂದ ಅನ್ನಿಸಿದೆ. ಇದನ್ನು ಇಟ್ಟುಕೊಂಡು ಪಿಂಕ್ ಪ್ಯಾಂಥರ್ ನೋಡಿದರೆ ನಿಮ್ಮ ಗೆಳೆಯನ ಸಿಟ್ಟೂ ಅರ್ಥವಾಗುತ್ತದೆ, ಮಕ್ಕಳ ನಗುವೂ ಅರ್ಥವಾಗುತ್ತದೆ.

1963ರಲ್ಲಿ ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಈ ಸರಣಿಯ ಮೊದಲ ಚಿತ್ರ ತೆಗೆದಾಗ ಇನ್ಸ್‌ಪೆಕ್ಟರ್ ಕ್ಲೂಸೋ ಪಾತ್ರಕ್ಕೆ ಗೊತ್ತಾಗಿದ್ದವರು ಪೀಟರ್ ಉಸ್ತಿನೋವ್. ಅವರು ಹಿಂದೆ ಸರಿದರು, ಸೆಲ್ಲರ್ಸ್ ಕೊನೇ ಗಳಿಗೆಯಲ್ಲಿ ಬಂದರು. ಚಿತ್ರದ ದೊಡ್ಡ ತಾರೆ ಆಗ ಡೇವಿಡ್ ನಿವೆನ್, ವಜ್ರ ಕದಿಯುವ ಚೆಲುವ ಕಳ್ಳನ ಪಾತ್ರ ಅವರದು. ಕ್ಲೂಸೋ ಪಕ್ಕದ ಪಾತ್ರ. ಸೆಲ್ಲರ್ಸ್ ಅದಕ್ಕೆ ತಮ್ಮದೇ ಮೀಸೆ, ಗತ್ತು, ಎಡವಟ್ಟು ಕೊಟ್ಟು ಇಡೀ ಚಿತ್ರವನ್ನೇ ತಮ್ಮ ಕಡೆ ಎಳೆದುಕೊಂಡುಬಿಟ್ಟರು. ಮರುವರ್ಷವೇ ಬಂದ ‘ಎ ಶಾಟ್ ಇನ್ ದಿ ಡಾರ್ಕ್’ನಲ್ಲಿ ಅವರೇ ನಾಯಕ.

ಮೊದಲ ಚಿತ್ರದ ಒಂದು ಪುಟ್ಟ ಸನ್ನಿವೇಶ ನೋಡಿ. ಕಚೇರಿಯಲ್ಲಿ ಒಂದು ಭೂಗೋಲ ಇದೆ. ಕ್ಲೂಸೋ ಅದನ್ನು ಗತ್ತಿನಿಂದ ತಿರುಗಿಸುತ್ತಾನೆ. ಅದು ಇನ್ನೂ ಗಿರಗಿರ ತಿರುಗುತ್ತಿರುವಾಗಲೇ ಮರೆತು ಅದರ ಮೇಲೆ ಕೈ ಊರುತ್ತಾನೆ, ಊರಿದ ಕೂಡಲೇ ನೆಲಕ್ಕೆ. ಇಷ್ಟೇ. ಖರ್ಚು ಒಂದು ಗೋಲ, ಒಬ್ಬ ಮನುಷ್ಯ. ನಗು ಹುಟ್ಟುವುದು ಬಿದ್ದದ್ದಕ್ಕಿಂತ ಹೆಚ್ಚಾಗಿ ಎದ್ದ ಮೇಲಿನ ಅವನ ಮುಖಭಾವದಲ್ಲಿ. ತನಗೇನೂ ಆಗಿಲ್ಲ, ಜಗತ್ತಿನ ದೊಡ್ಡ ಪತ್ತೇದಾರ ತಾನೇ ಎಂಬ ನಂಬಿಕೆ ಒಂದು ಕೂದಲಿನಷ್ಟೂ ಅಲುಗುವುದಿಲ್ಲ.

ನೀವು ನೋಡಿದ ಮಾರ್ಟಿನ್ ಅವರ 2006ರ ಚಿತ್ರದಲ್ಲೂ ಭೂಗೋಲ ಇದೆ. ಈ ಸಲ ಆಳೆತ್ತರದ್ದು. ಅದು ಕಳಚಿ ಉರುಳಿಕೊಂಡು ಕಚೇರಿಯಿಂದ ಆಚೆ ಹೋಗುತ್ತದೆ, ಬೀದಿಗೆ ಇಳಿಯುತ್ತದೆ, ಸೈಕಲ್ ಓಟಗಾರರನ್ನು ಕೆಡವುತ್ತದೆ. ಮಕ್ಕಳಿಗೆ ಇದು ಖುಷಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಇಲ್ಲಿ ನಗಿಸುತ್ತಿರುವುದು ಗೋಲ. ನಟ ಪಕ್ಕಕ್ಕೆ ಸರಿದು ನಿಂತಿದ್ದಾನೆ. ಹಳೆಯವರ ಸೀನನ್ನೇ ಇಟ್ಟುಕೊಂಡು ಸಾಮಾನಿನ ಗಾತ್ರ ಹೆಚ್ಚಿಸಿದರೆ ಆಗುವುದು ಹೀಗೆ. ನಿಮ್ಮ ಗೆಳೆಯನಿಗೆ ಕಸಿವಿಸಿ ಆದದ್ದು ಇಂಥ ಕಡೆ ಎಂದು ನನ್ನ ಊಹೆ.

ಅದೇ ಚಿತ್ರದಲ್ಲಿ ಇನ್ನೊಂದು ಸನ್ನಿವೇಶ ಇದೆ, ಫ್ರೆಂಚ್ ನಾಲಿಗೆಯ ಕ್ಲೂಸೋಗೆ ಅಮೆರಿಕನ್ನರಂತೆ ಇಂಗ್ಲಿಷ್ ಮಾತಾಡಲು ಒಬ್ಬ ಮೇಡಂ ಪಾಠ ಹೇಳುವುದು. ಹ್ಯಾಂಬರ್ಗರ್ ಕೊಳ್ಳಬೇಕು ಎಂಬ ಒಂದೇ ವಾಕ್ಯ. ಮಾರ್ಟಿನ್ ಮತ್ತೆ ಮತ್ತೆ ಯತ್ನಿಸುತ್ತಾರೆ, ಪ್ರತಿ ಸಲವೂ ಆ ಶಬ್ದ ಬಾಯೊಳಗೆ ಹೊಸ ರೀತಿಯಲ್ಲಿ ಮುರಿಯುತ್ತದೆ. ಅಲ್ಲಿ ಸೆಲ್ಲರ್ಸ್ ನೆನಪಾಗುವುದೇ ಇಲ್ಲ. ಹಟ ಹಿಡಿದು ಒಂದನ್ನೇ ಎಳೆದೆಳೆದು, ಬೇಸರದ ಗಡಿ ದಾಟಿಸಿ ನಗು ತರಿಸುವುದು ಮಾರ್ಟಿನ್ ಅವರ ಸ್ವಂತ ಕಸುಬು. ದಪ್ಪ ಹವಾಲ್ದಾರನಿಗೆ ಬೆಂಚು ಸಿಕ್ಕ ಹಾಗೆ ಮಾರ್ಟಿನ್ ಅವರಿಗೆ ಆ ಹ್ಯಾಂಬರ್ಗರ್ ಸಿಕ್ಕಿತು. ವಿಮರ್ಶಕರು ಕಟುವಾಗಿ ಬರೆದರೂ ಚಿತ್ರಕ್ಕೆ ಜನ ಬಂದರು, 2009ರಲ್ಲಿ ಎರಡನೆಯ ಭಾಗವೂ ಬಂತು.

ಮಾರ್ಟಿನ್ ಅವರಿಗಿಂತ ಮೊದಲೂ ಬೇರೆಯವರು ಕೈ ಹಾಕಿದ್ದರು. 1968ರಲ್ಲಿ ಸೆಲ್ಲರ್ಸ್, ಎಡ್ವರ್ಡ್ಸ್ ಇಬ್ಬರೂ ಇಲ್ಲದೆ ಅಲನ್ ಆರ್ಕಿನ್ ಕ್ಲೂಸೋ ಆದರು. ಒಳ್ಳೆಯ ನಟ, ಆದರೂ ಜನ ಒಪ್ಪಲಿಲ್ಲ. ಸೆಲ್ಲರ್ಸ್ 1980ರಲ್ಲಿ ತೀರಿಕೊಂಡರು. ಆಮೇಲೆ ಎಡ್ವರ್ಡ್ಸ್ ಮಾಡಿದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಕೆಲಸ. ಹಿಂದಿನ ಚಿತ್ರಗಳಲ್ಲಿ ಬಳಸದೆ ಬಿಟ್ಟಿದ್ದ ಸೆಲ್ಲರ್ಸ್ ತುಣುಕುಗಳನ್ನು ಜೋಡಿಸಿ 1982ರಲ್ಲಿ ಒಂದು ಚಿತ್ರ ಬಿಡುಗಡೆ ಮಾಡಿದರು. ಸೆಲ್ಲರ್ಸ್ ಪತ್ನಿ ಕೋರ್ಟಿಗೆ ಹೋಗಿ ಗೆದ್ದರು. ನಟ ತಾನೇ ಬೇಡವೆಂದು ಬಿಟ್ಟದ್ದನ್ನೋ ನಿರ್ದೇಶಕ ಕತ್ತರಿಸಿ ಹಾಕಿದ್ದನ್ನೋ ಅವನು ಸತ್ತ ಮೇಲೆ ಅವನ ಹೆಸರಿನಲ್ಲಿ ತೋರಿಸುವುದಕ್ಕಿಂತ ಹೊಸಬನೊಬ್ಬನಿಗೆ ಧೈರ್ಯವಾಗಿ ಪಾರ್ಟು ಕೊಡುವುದು ಸಾವಿರ ಪಾಲು ಮರ್ಯಾದೆಯ ಕೆಲಸ. 1993ರಲ್ಲಿ ಕ್ಲೂಸೋನ ಮಗನಾಗಿ ರೊಬೆರ್ತೊ ಬೆನಿನ್ಯಿ ಬಂದರು, ಅದೂ ನಿಲ್ಲಲಿಲ್ಲ.

ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಎಡವುವವನು ಒಬ್ಬನೇ ನಗಿಸಲಾರ, ಪಕ್ಕದಲ್ಲಿ ನಗದೆ ನಿಲ್ಲುವವನು ಬೇಕು. ಸೆಲ್ಲರ್ಸ್‌ಗೆ ಹರ್ಬರ್ಟ್ ಲಾಮ್ ಇದ್ದರು, ಮೇಲಧಿಕಾರಿ ಡ್ರೈಫಸ್ ಆಗಿ. ಕ್ಲೂಸೋ ಹೆಸರು ಕೇಳಿದರೇ ಅವರ ಕಣ್ಣು ಅದುರುತ್ತಿತ್ತು. 1964ರ ಚಿತ್ರದಲ್ಲಿ ಬಿಲಿಯರ್ಡ್ಸ್ ಆಡುವ ಸೀನಿದೆ. ಕ್ಲೂಸೋ ಮೇಜಿನ ಬಟ್ಟೆ ಹರಿಯುತ್ತಿದ್ದರೆ ಎದುರಿಗೆ ಜಾರ್ಜ್ ಸ್ಯಾಂಡರ್ಸ್ ದೊಡ್ಡಮನೆ ಯಜಮಾನರ ಗಾಂಭೀರ್ಯ ಬಿಡದೆ ನಿಂತಿರುತ್ತಾರೆ. 2006ರಲ್ಲಿ ನಗದೆ ನಿಲ್ಲುವವರ ಜಾಗ ತುಂಬಿದವರು ಜಾನ್ ರೆನೊ. ಕ್ಲೂಸೋ ಎಲ್ಲಿಂದಲೋ ಮೇಲೆ ಹಾರಿ ಬೀಳುತ್ತಾನೆ, ರೆನೊ ಮುಖದ ಒಂದು ಗೆರೆ ಕದಲಿಸದೆ ತಡೆದು ಅವನನ್ನು ಕೆಡವುತ್ತಾರೆ. ಹಳೆಯ ಚಿತ್ರಗಳಲ್ಲಿ ಮನೆಯಾಳು ಕೇಟೋ ಬಂದು ಕ್ಲೂಸೋ ಮೇಲೆ ಬೀಳುತ್ತಿದ್ದ, ಇಲ್ಲಿ ತಿರುಗಾಮುರುಗಾ. ಇಂಥ ಬದಲಾವಣೆ ಮಾಡುವವರಿಗೆ ಹಳೆಯದರ ಮೇಲೆ ಪ್ರೀತಿಯೂ ಇದೆ, ಸ್ವಂತ ಬುದ್ಧಿಯೂ ಇದೆ ಎಂದರ್ಥ.

ಈಗ ಕುಳ್ಳನ ವಿಷಯಕ್ಕೆ ಬರೋಣ.

‘ಕುಳ್ಳ ಏಜೆಂಟ್ 000’ ಬಂದದ್ದು 1972ರಲ್ಲಿ. ನಿರ್ದೇಶನ ಕೆ.ಎಸ್.ಎಲ್. ಸ್ವಾಮಿ, ಸಂಗೀತ ರಾಜನ್–ನಾಗೇಂದ್ರ. ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ‘ಆಡು ಆಟ ಆಡು’ ಇದೇ ಚಿತ್ರದ್ದು. ಆ ಮೂರು ಸೊನ್ನೆಗಳ ಹಿಂದೆ ಮೂರು ಒಂಬತ್ತುಗಳಿವೆ. 1968ರಲ್ಲಿ ದೊರೈ–ಭಗವಾನ್ ‘ಜೇಡರ ಬಲೆ’ ತೆಗೆದು ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿದರು. ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬೆನ್ನಿಗೇ ಬಂದವು. ಕೋಟು, ಪಿಸ್ತೂಲು, ಎದೆ ಸೆಟೆಸಿ ನಿಂತ ಅಣ್ಣಾವ್ರ ಎತ್ತರ ಜನರ ಕಣ್ಣಲ್ಲಿ ಅಚ್ಚೊತ್ತಿದ್ದ ಹೊತ್ತು. ಮನೆಮನೆಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳು. ಅಂಥ ಹೊತ್ತಿನಲ್ಲಿ ಹುಣಸೂರಿನ ಒಬ್ಬ ಗಿಡ್ಡ ಮನುಷ್ಯ ಅದೇ ಗತ್ತಿನಲ್ಲಿ ಏಜೆಂಟ್ ಎಂದು ಬಂದು ನಿಂತರೆ ಥಿಯೇಟರಿನಲ್ಲಿ ಕೂತವರಿಗೆ ಯಾರೂ ಏನೂ ವಿವರಿಸಬೇಕಿರಲಿಲ್ಲ. ಅರ್ಧ ನಗು ಅವರು ಮನೆಯಿಂದಲೇ ತಂದಿದ್ದರು.

ಹಾಗಾಗಿ ಈ ಚಿತ್ರವನ್ನು ಇದ್ದಂತೇ ಮತ್ತೆ ತೆಗೆದರೆ ನಿಮ್ಮ ಮಕ್ಕಳು ನಗುವುದಿಲ್ಲ. ಅವರು ಸಿಐಡಿ 999 ನೋಡಿಲ್ಲ. ಅವರು ನೋಡಿರುವುದು ಸ್ಲೋ ಮೋಷನ್‌ನಲ್ಲಿ ಕಾರಿನ ಬಾಗಿಲು ತೆಗೆದು, ಮೊದಲು ಬೂಟು, ಆಮೇಲೆ ಸಿಗರೇಟು, ಆಮೇಲೆ ಗಡ್ಡ ತೋರಿಸಿ, ಹಿಂದೆ ಇಡೀ ಊರು ಹೊತ್ತಿ ಉರಿಯುವಾಗ ನಡೆದು ಬರುವ ಹೀರೋನನ್ನು. ಇವತ್ತಿನ ಏಜೆಂಟ್ ತಮಾಷೆ ಮಾಡಬೇಕಾದದ್ದು ಆ ಎಂಟ್ರಿಯನ್ನು. ದ್ವಾರಕೀಶ್ ತಮ್ಮ ಕಾಲದ ಗತ್ತನ್ನು ಹಿಡಿದರು, ಹೊಸಬರು ತಮ್ಮ ಕಾಲದ್ದನ್ನು ಹಿಡಿಯಬೇಕು.

ಇನ್ನು ಶೀರ್ಷಿಕೆ. ‘ಕುಳ್ಳ’ ಎಂಬುದು ದ್ವಾರಕೀಶ್ ತಾವೇ ತಮ್ಮ ಮೇಲೆ ಹೊತ್ತುಕೊಂಡ ಹೆಸರು. ‘ಕಳ್ಳ ಕುಳ್ಳ’, ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’, ‘ಪ್ರಚಂಡ ಕುಳ್ಳ’ ಎಂದು ಅದನ್ನೇ ಪೋಸ್ಟರಿನ ನೆತ್ತಿಗೆ ಏರಿಸಿದರು. ಬೇರೆ ಯಾರೋ ಕರೆದಿದ್ದರೆ ಅವಮಾನವಾಗುತ್ತಿದ್ದದ್ದನ್ನು ಅವರು ಬಂಡವಾಳ ಮಾಡಿಕೊಂಡರು, ಪಕ್ಕದಲ್ಲಿ ಎತ್ತರದ ವಿಷ್ಣುವರ್ಧನ್ ಅವರನ್ನು ನಿಲ್ಲಿಸಿಕೊಂಡು ಜೋಡಿಯನ್ನೂ ಕಟ್ಟಿದರು. ಅವರ ಚಿತ್ರಗಳಲ್ಲಿ ಕುಳ್ಳ ಸೋಲುವವನಲ್ಲ, ಎತ್ತರದವರ ಕಾಲಸಂದಿನಲ್ಲಿ ನುಸುಳಿ ಗೆಲ್ಲುವವನು. ಇನ್ನೊಬ್ಬ ಗಿಡ್ಡ ನಟನನ್ನು ಹುಡುಕಿ ತಂದು ಅದೇ ಹೆಸರು ಅಂಟಿಸಿದರೆ ಅದು ಆ ನಟನ ಆಯ್ಕೆಯಾಗಿರುವುದಿಲ್ಲ, ನಗುವಿನಲ್ಲಿ ಕಹಿ ಸೇರುತ್ತದೆ. ಹೊಸ ಏಜೆಂಟ್ ತನ್ನ ಕೊರತೆಯನ್ನು ತಾನೇ ಆರಿಸಿಕೊಂಡು ಬರಲಿ. ‘ಒಂದು ಮೊಟ್ಟೆಯ ಕಥೆ’ಯಲ್ಲಿ (2017) ರಾಜ್ ಬಿ. ಶೆಟ್ಟಿ ತಮ್ಮ ಬೋಳು ತಲೆಯನ್ನೇ ಕಥೆ ಮಾಡಿದರಲ್ಲ, ಆ ಧೈರ್ಯ ಇರುವವರು ಬೇಕು. ನನ್ನನ್ನು ಕೇಳಿದರೆ ಪಾರ್ಟು ಅವರಿಗೇ ಕೊಡಿ ಅನ್ನುತ್ತೇನೆ. ಮುಖದಲ್ಲಿ ಏನೂ ಆಗದವರಂತೆ ನಿಲ್ಲುವುದು ಅವರಿಗೆ ಗೊತ್ತು, ಕ್ಲೂಸೋನ ಗುಟ್ಟು ಇದ್ದದ್ದೂ ಅಲ್ಲೇ.

ನಟ ಬದಲಾದರೆ ಪಾತ್ರ ಹೇಗೆ ಬದಲಾಗಬೇಕು ಎಂಬುದನ್ನು ದ್ವಾರಕೀಶ್ ಅವರೇ ನಮಗೆ ತೋರಿಸಿಕೊಟ್ಟಿದ್ದಾರೆ. 2004ರಲ್ಲಿ ಅವರು ನಿರ್ಮಿಸಿದ ‘ಆಪ್ತಮಿತ್ರ’ ಮಲಯಾಳದ ‘ಮಣಿಚಿತ್ರತಾಳ್’ (1993) ಚಿತ್ರದ ರೀಮೇಕ್. ಹಳೇ ಬಂಗಲೆಯ ರಹಸ್ಯ ಬಿಡಿಸಲು ಬರುವ ಡಾಕ್ಟರು ಒಂದು ರೀತಿಯಲ್ಲಿ ಪತ್ತೇದಾರನೇ, ಅರ್ಧ ಚಿತ್ರ ನಗಿಸುವವನೂ ಅವನೇ. ಮೋಹನ್‌ಲಾಲ್ ಅದನ್ನು ಸೋಮಾರಿ ಸೊಗಸಿನಲ್ಲಿ, ತುಂಟ ಹುಡುಗನ ಹಾಗೆ ಮಾಡಿದ್ದರು. ವಿಷ್ಣುವರ್ಧನ್ ಆ ಸೋಮಾರಿತನದ ಹತ್ತಿರವೂ ಹೋಗಲಿಲ್ಲ. ತಮ್ಮ ನಿಲುವು, ತಮ್ಮ ಕಣ್ಣು, ‘ಹೌಲಾ ಹೌಲಾ’ ಎಂಬ ಉದ್ಗಾರ ತಂದರು. ಕರ್ನಾಟಕದಲ್ಲಿ ಆ ಡಾಕ್ಟರು ವಿಷ್ಣು ಅವರದೇ ಆಗಿಹೋದ. ಮುಂದೆ ತಮಿಳಿನಲ್ಲಿ ರಜನೀಕಾಂತ್, ಹಿಂದಿಯಲ್ಲಿ ಅಕ್ಷಯ್ ಕುಮಾರ್ ಮಾಡಿದಾಗ ಮತ್ತೆ ಬೇರೆ ಬೇರೆ ಮನುಷ್ಯರಾದ.

ನಿಮ್ಮ ಹುನಗುಂದ ಸೀಮೆಯದೇ ಇನ್ನೊಂದು ಉದಾಹರಣೆ. ಸೂಳೇಬಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿಗಳಿಗೆ ಹೆಸರು ತಂದ ನಾಟಕ. 1974ರಲ್ಲಿ ಅದು ಸಿನಿಮಾ ಆದಾಗ ರಂಗದ ನಾಯಕನ ಜಾಗಕ್ಕೆ ರಾಜ್‌ಕುಮಾರ್ ಬಂದರು. ಎಮ್ಮೆಯ ಬೆನ್ನ ಮೇಲೆ ಕೂತು ‘ಯಾರೇ ಕೂಗಾಡಲಿ’ ಹಾಡಿದ ಆ ದೃಶ್ಯ ಯಾವ ತಗಡಿನ ಥಿಯೇಟರಿನಲ್ಲೂ ಆಗುವಂಥದ್ದಲ್ಲ. ರಂಗದಲ್ಲಿ ಪಾರ್ಟು ಹಾಕಿದವರ ಕೀರ್ತಿ ಅದರಿಂದ ಕುಂದಲಿಲ್ಲ, ಅಣ್ಣಾವ್ರಿಗೂ ಹಳಬರ ನೆರಳು ಬೀಳಲಿಲ್ಲ. ನಿಮ್ಮೂರ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಕೊಂಡಿ ಹಾಕುತ್ತಾರಲ್ಲ, ಎರಡೂ ನೂಲು ಬೇರೆ ಬೇರೆ ಎಂದು ಎದ್ದು ಕಾಣುತ್ತದೆ, ಕೂಡಿದ ಜಾಗ ಮಾತ್ರ ಬಿಗಿ. ಹಳೆಯ ಕಥೆಗೆ ಹೊಸ ನಟನನ್ನು ಹಾಗೆ ಸೇರಿಸಬೇಕು.

ರೀಮೇಕ್ ಎಂಬ ಹೆಸರೇ ಇಲ್ಲದೆ ಈ ಕೆಲಸ ಮಾಡಿದ ಚಿತ್ರ 2019ರ ‘ಬೆಲ್ ಬಾಟಂ’. ಜಯತೀರ್ಥ ನಿರ್ದೇಶಿಸಿದ, ಟಿ.ಕೆ. ದಯಾನಂದ್ ಕಥೆ ಬರೆದ ಆ ಚಿತ್ರದಲ್ಲಿ ರಿಷಬ್ ಶೆಟ್ಟಿಯವರ ದಿವಾಕರ ಪತ್ತೇದಾರಿ ಕಾದಂಬರಿ, ಸಿನಿಮಾಗಳ ಹುಚ್ಚು ಹತ್ತಿಸಿಕೊಂಡು ಬೆಳೆದ ಕಾನ್‌ಸ್ಟೇಬಲ್. ಪೊಲೀಸ್ ಠಾಣೆಯಲ್ಲಿಟ್ಟ ಮಾಲೇ ಕಳುವಾಗುತ್ತದೆ, ಪತ್ತೆ ಹಚ್ಚಲು ಇವನು ಹೊರಡುತ್ತಾನೆ. 999ನ್ನೂ 000ವನ್ನೂ ನೋಡಿ ಬೆಳೆದ ನಾಡಿನ ಚಿತ್ರ ಅದು. ಆದರೂ ದಿವಾಕರ ಯಾರ ಪಡಿಯಚ್ಚೂ ಆಗಲಿಲ್ಲ.

ಕುಳ್ಳ ಏಜೆಂಟನನ್ನು ಮತ್ತೆ ಕರೆತರುವವರಿಗೆ ನನ್ನದೊಂದು ಬೇಡಿಕೆ ಇದೆ. ಚಿತ್ರವನ್ನು ನಮ್ಮ ಕಡೆ ತೆಗೆಯಿರಿ. ಬೆಂಗಳೂರಿನ ಚಿತ್ರಗಳಲ್ಲಿ ನಮ್ಮ ಮಾತು ಬಹಳ ಸಲ ಅಡಿಗೆಯವನ ಬಾಯಲ್ಲೋ ಪೆದ್ದನ ಬಾಯಲ್ಲೋ ಮಾತ್ರ ಬರುತ್ತದೆ, ಅದು ನೋವಿನ ವಿಷಯ. ಇಲ್ಲಿ ಏಜೆಂಟನೇ ಹುನಗುಂದದ ಭಾಷೆ ಆಡಲಿ. ಇಳಕಲ್‌ನ ಗ್ರಾನೈಟ್ ಗಣಿಯಲ್ಲಿ ಕಳ್ಳನ ಜಾಡು ಸಿಗಲಿ, ಬಾದಾಮಿಯ ಮೇಣಬಸದಿಯ ಮೆಟ್ಟಿಲುಗಳ ಮೇಲೆ ಏಜೆಂಟ್ ಹತ್ತುವಾಗ ಕೋತಿ ಬಂದು ಅವನ ಕಪ್ಪು ಕನ್ನಡಕ ಕಿತ್ತುಕೊಳ್ಳಲಿ. ಕೊನೆಯ ಬೆನ್ನಟ್ಟು ಬನಶಂಕರಿ ಜಾತ್ರೆಯಲ್ಲಿ. ಕಳ್ಳ ಓಡುತ್ತ ಒಂದು ಥಿಯೇಟರಿನ ಹಿಂಬಾಗಿಲಿಂದ ನುಗ್ಗುತ್ತಾನೆ, ಏಜೆಂಟ್ ಅವನ ಬೆನ್ನಿಗೆ. ವಿಂಗಿನಿಂದ ಹೊರಬಿದ್ದರೆ ಇಬ್ಬರೂ ನಡೆಯುತ್ತಿರುವ ಆಟದ ನಡುವೆ ನಿಂತಿದ್ದಾರೆ. ಪ್ರೇಕ್ಷಕರು ಇವನನ್ನೂ ಪಾತ್ರಧಾರಿ ಎಂದೇ ತಿಳಿಯುತ್ತಾರೆ. ರಂಗದ ಮೇಲಿನ ಹಾಸ್ಯ ನಟ ಕಕ್ಕಾಬಿಕ್ಕಿಯಾಗದೆ ಇವನನ್ನು ಮಾತಿಗೆ ಎಳೆಯುತ್ತಾನೆ, ಜನ ಒನ್ಸ್ ಮೋರ್ ಕೂಗುತ್ತಾರೆ, ಏಜೆಂಟ್ ಕಳ್ಳನನ್ನು ಎರಡು ಸಲ ಹಿಡಿಯಬೇಕಾಗುತ್ತದೆ.

ಮುಖ್ಯ ಪಾರ್ಟು ಯಾರೇ ಹಾಕಲಿ, ನಗದೆ ನಿಲ್ಲುವ ಮೇಲಧಿಕಾರಿಯ ಪಾರ್ಟು ಮಾತ್ರ ಕಂಪನಿಯ ಹಿರಿಯ ನಟರೊಬ್ಬರಿಗೆ ಹೋಗಬೇಕು. ಜಾತ್ರೆಯ ಗದ್ದಲದಲ್ಲಿ, ಪಕ್ಕದ ಥಿಯೇಟರಿನ ಮೈಕು ಕಿವಿಗೆ ಬಡಿಯುತ್ತಿರುವಾಗಲೂ ಎದುರಿನವನ ತಮಾಷೆಗೆ ಜಾಗ ಬಿಟ್ಟು ಮುಖ ಗಂಟು ಹಾಕಿ ನಿಂತು ರೂಢಿಯಾದವರು ಅವರು. ಕ್ಯಾಮೆರಾ ಮುಂದೆ ಅವರನ್ನು ನಿಲ್ಲಿಸಿ, ಎದುರಿಗೆ ಹೊಸ ಏಜೆಂಟನನ್ನು ಬಿಟ್ಟು, ಸ್ಕ್ರಿಪ್ಟಿನಲ್ಲಿ ಒಂದೇ ಸಾಲು ಬರೆದು ಕೊಟ್ಟರೆ ಸಾಕು, ಉಳಿದದ್ದನ್ನು ಇಬ್ಬರೂ ಸೇರಿ ಕಟ್ಟುತ್ತಾರೆ.